ತೊಟ್ಟಿಯ ಬಳಿಯ ಪಾಠ

ಡೆಂಗೀ ಜ್ವರವು ಕಾಣಿಸಿದೊಡನೆ ಊರಿನಲ್ಲಿ ಉಪನ್ಯಾಸಗಳನ್ನು ಏರ್ಪಡಿಸುವುದು ವಾಡಿಕೆ. ಕೇಳಿದವರು ಚರಂಡಿಯನ್ನು ಹಳಿಯುತ್ತ ಮನೆಗೆ ತೆರಳುವರು. ಆದರೆ ಈ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಬಚ್ಚಲ ತೊಟ್ಟಿಯ ತಿಳಿನೀರನ್ನೇ ಹೆಚ್ಚಾಗಿ ಬಯಸುವುದು, ಕಚ್ಚುವುದೂ ಹಗಲಿನಲ್ಲಿಯೇ. ಜ್ವರಕ್ಕೆ ನೇರವಾದ ಔಷಧವಿಲ್ಲ. ಆದುದರಿಂದ ಆರೋಗ್ಯಬೋಧೆಯು ತೊಟ್ಟಿಯ ಬಳಿಯಲ್ಲಿಯೇ ನಡೆಯತಕ್ಕದ್ದೆಂಬುದು ನಮ್ಮ ಮತ. ಆಶಾ ಕಾರ್ಯಕರ್ತೆಯು ಬಂದಾಗ ಬಾಗಿಲಿನಿಂದಲೇ ಕಳುಹಿಸದೆ ಒಳಕ್ಕೆ ಕರೆಯಿರಿ. ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ, ಅದರಲ್ಲಿ ಕುಣಿಯುವ ಮರಿಹುಳುಗಳನ್ನು ಮಕ್ಕಳೇ ಮೊದಲು ಕಾಣುವರು. (ಮಕ್ಕಳು ಕಂಡಮೇಲೆ ಹಿರಿಯರಿಗೆ ನುಣುಚಿಕೊಳ್ಳಲು ಹಾದಿಯಿಲ್ಲ!) ಮೊಟ್ಟೆಯು ಸೊಳ್ಳೆಯಾಗಲು ಸುಮಾರು 8-10 ದಿನಗಳು ಸಾಕು, ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಬೇಕೆನ್ನುವುದು ಇದಕ್ಕಾಗಿಯೇ. ಬರಿದುಮಾಡಿದರಷ್ಟೇ ಸಾಲದು. ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವದಿಂದಿರುವುವು. ತೆಂಗಿನ ನಾರಿನಿಂದ ಒಳಗೋಡೆಯನ್ನು ತಿಕ್ಕಿದ ಬಳಿಕವೇ ಹೊಸನೀರನ್ನು ತುಂಬತಕ್ಕದ್ದು.