ರಾತ್ರಿ ಕುಗ್ಗುವ ಬ್ರಾಡ್‌ಬ್ಯಾಂಡ್: ಹೆಚ್ಚು ಹಣ ಕಟ್ಟುವ ಮೊದಲು ಅಳೆಯಬೇಕು

ಪ್ರತಿ ತಿಂಗಳ 20ನೇ ತಾರೀಖಿನ ರಾತ್ರಿ ಅಂಗಡಿಯ ಬಾಗಿಲು ಹಾಕಿ, ಮನೆಯಲ್ಲಿ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕುಳಿತುಕೊಳ್ಳುವ ವರ್ತಕರ ಸಂಖ್ಯೆ ಕಡಿಮೆಯೇನಲ್ಲ. ಬೆಳಿಗ್ಗೆ ಚುರುಕಾಗಿದ್ದ ಕೇಬಲ್ ಬ್ರಾಡ್‌ಬ್ಯಾಂಡ್ ಎಂಟು ಗಂಟೆಯ ನಂತರ ತೆವಳತೊಡಗುತ್ತದೆ. ಗಡುವು ಮೀರಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಆಗ ಬಹುತೇಕರು ಮಾಡುವುದು ಎರಡೇ ಕೆಲಸ: ಕೇಬಲ್ ಹುಡುಗನ ಮೇಲೆ ಫೋನಿನಲ್ಲಿ ರೇಗುವುದು, ಇಲ್ಲವೇ ಮರುದಿನವೇ ಹೆಚ್ಚಿನ ವೇಗದ ಪ್ಲಾನಿಗೆ ಹಣ ಕಟ್ಟುವುದು. ಮೊದಲನೆಯದರಿಂದ ಪ್ರಯೋಜನವಿಲ್ಲ, ಎರಡನೆಯದು ಅನೇಕ ವೇಳೆ ದಂಡದ ಖರ್ಚು.

ಕೇಬಲ್ ಜಾಲದ ಸ್ವರೂಪವನ್ನು ಅರಿತರೆ ಇದರ ಕಾರಣ ಸ್ಪಷ್ಟವಾಗುತ್ತದೆ. ಟಿವಿಯ ಕೋಆಕ್ಸಿಯಲ್ ತಂತಿಯಲ್ಲೇ ಅಂತರ್ಜಾಲವನ್ನೂ ಸಾಗಿಸುವ ಡಾಕ್ಸಿಸ್ ಪದ್ಧತಿ 1997ರಲ್ಲಿ ರೂಪುಗೊಂಡಿತು. ಇದರಲ್ಲಿ ಬಡಾವಣೆಯ ನೂರಾರು ಮನೆಗಳು ಒಂದೇ ನೋಡ್‌ಗೆ ಸೇರಿ ಅದರ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತವೆ. 8 ಮೆಗಾಹರ್ಟ್ಸ್ ಅಗಲದ ಒಂದು ಚಾನೆಲ್ ಸುಮಾರು 50 ಎಂಬಿಪಿಎಸ್ ಒಯ್ಯಬಲ್ಲದು. ಚಾನೆಲ್‌ಗಳನ್ನು ಒಟ್ಟುಗೂಡಿಸಲು 2006ರ ಡಾಕ್ಸಿಸ್ 3.0 ಅವಕಾಶ ನೀಡಿತು. ಎಂಟು ಸೇರಿದರೆ ಸುಮಾರು 400 ಎಂಬಿಪಿಎಸ್. ಆ ನೋಡ್‌ನಿಂದ 200 ಮನೆಗಳಿಗೆ ತಲಾ 50 ಮಾರಿದ್ದರೆ ಒಟ್ಟು ಮಾರಾಟ 10,000! ಹಗಲಿನಲ್ಲಿ ಇದು ಯಾರ ಗಮನಕ್ಕೂ ಬಾರದು. ರಾತ್ರಿ ಮನೆಮನೆಯಲ್ಲೂ ಕ್ರಿಕೆಟ್, ಸಿನಿಮಾ ಆರಂಭವಾದಾಗ ಲೆಕ್ಕ ಬಯಲಾಗುತ್ತದೆ. ಹಂಚಿಕೆಯೇ ಮೋಸವೆಂದು ಹೇಳಲಾಗದು. ಠೇವಣಿದಾರರೆಲ್ಲರೂ ಒಂದೇ ದಿನ ಬಂದು ನಿಂತರೆ ಯಾವ ಬ್ಯಾಂಕೂ ತಡೆದುಕೊಳ್ಳದು. ಎಷ್ಟು ಜನರಿಗೆ ಹಂಚಲಾಗಿದೆ ಎಂಬುದನ್ನು ಮುಚ್ಚಿಡುವುದೇ ಆಕ್ಷೇಪಾರ್ಹ. ಫೈಬರ್ ಬಂದರೆ ಎಲ್ಲವೂ ಸರಿಹೋಗುತ್ತದೆಂಬ ಮಾತೂ ಪೂರ್ಣ ಸತ್ಯವಲ್ಲ. ಜಿಪಾನ್ ಪದ್ಧತಿಯ ಒಂದು ಎಳೆ ಸುಮಾರು 2,500 ಎಂಬಿಪಿಎಸ್ ಒಯ್ದರೂ ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಲಾಗುತ್ತದೆ. ಇಕ್ಕಟ್ಟು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಆದುದರಿಂದ ತೊಂದರೆ ಮನೆಯೊಳಗಿನದೋ ಬೀದಿಯದೋ ಎಂಬುದನ್ನು ಮೊದಲು ನಿರ್ಧರಿಸಬೇಕು. ದಿನವಹಿ ಕಿರ್ದಿ ಬರೆದು ರೂಢಿಯಿರುವ ವರ್ತಕರಿಗೆ ಇದು ಕಷ್ಟದ ಕೆಲಸವಲ್ಲ. ಕಂಪ್ಯೂಟರನ್ನು ಲ್ಯಾನ್ ತಂತಿಯ ಮೂಲಕ ಮೋಡೆಮ್‌ಗೆ ನೇರವಾಗಿ ಜೋಡಿಸಿ, ಉಳಿದ ಸಾಧನಗಳನ್ನು ಬೇರ್ಪಡಿಸಿ, ಬೆಳಿಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಒಂಬತ್ತು ಗಂಟೆಗೆ ಒಂದು ವಾರ ವೇಗವನ್ನು ಅಳೆದು ಬರೆದಿಡಬೇಕು. ಮುಂಜಾನೆಯೂ ನಿಧಾನವಿದ್ದರೆ ನೆರೆಹೊರೆಯವರನ್ನು ದೂರಿ ಫಲವಿಲ್ಲ. ಸಡಿಲ ಕನೆಕ್ಟರ್, ತುಕ್ಕು ಹಿಡಿದ ಸ್ಪ್ಲಿಟರ್, ಹಳೆಯ ಮೋಡೆಮ್ ಇವುಗಳನ್ನು ಪರಿಶೀಲಿಸಬೇಕು. ಎರಡನೇ ಟಿವಿಗೆಂದು ಹಾಕಿಸಿದ ಸ್ಪ್ಲಿಟರ್ ಸಂಕೇತದ ಶಕ್ತಿಯನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಮುಂಜಾನೆ ಪೂರ್ಣ ವೇಗವಿದ್ದು ರಾತ್ರಿ ಮಾತ್ರ ಬಿದ್ದರೆ ಅದು ನೋಡ್‌ನ ಅಥವಾ ಅದರಾಚೆಯ ಇಕ್ಕಟ್ಟು. 20ನೇ ತಾರೀಖಿನಂದು ತೆರಿಗೆ ಜಾಲತಾಣವೊಂದೇ ನಿಧಾನವಾಗಿ ಉಳಿದೆಲ್ಲವೂ ಸರಾಗವಾಗಿದ್ದರೆ ಆಪರೇಟರನ ತಪ್ಪೇನೂ ಇಲ್ಲವೆಂಬುದನ್ನೂ ಒಪ್ಪಬೇಕು.

ಲ್ಯಾನ್ ತಂತಿಯ ಷರತ್ತು ಇಲ್ಲಿ ಬಹು ಮುಖ್ಯ. ವೈ-ಫೈ ಕೂಡ ರಾತ್ರಿಯೇ ಕುಗ್ಗುತ್ತದೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಅಕ್ಕಪಕ್ಕದ ಹತ್ತು ಮನೆಗಳ ರೂಟರ್‌ಗಳೂ ಅವುಗಳಲ್ಲೇ ನುಸುಳಬೇಕು. ಲಕ್ಷಣ ಒಂದೇ, ರೋಗ ಬೇರೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಬಿಡಿಗಾಸಿನ ಖರ್ಚಿಲ್ಲದೆ ಸರಿಹೋಗಬಹುದು. ಗೋದಾಮಿನ ಕ್ಯಾಮೆರಾ ಚಿತ್ರಗಳನ್ನು ಮನೆಯ ಪರದೆಯ ಮೇಲೆ ಸದಾ ತೆರೆದಿಡುವುದು, ಫೋನಿನ ಫೋಟೋಗಳೆಲ್ಲ ತಾವಾಗಿಯೇ ಮೇಲೇರುವುದು ಇವೂ ಪರಿಶೀಲನಾರ್ಹ. ಕೇಬಲ್‌ನಲ್ಲಿ ಮೇಲ್ಮುಖ ಸಾಮರ್ಥ್ಯ ಸಹಜವಾಗಿಯೇ ಕಿರಿದು. ಅದು ತುಂಬಿದರೆ ಕೆಳಗಿಳಿಯುವ ದತ್ತಾಂಶದ ಸ್ವೀಕೃತಿ ಸಂದೇಶಗಳೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇನ್ನು 40 ಎಂಬಿಪಿಎಸ್ ಪ್ಲಾನಿನಲ್ಲಿ ಕಡತ ಸೆಕೆಂಡಿಗೆ 5 ಮೆಗಾಬೈಟ್ ಇಳಿದರೆ ಅದು ಸರಿಯಾದ ತೂಕವೇ, ಎಂಟು ಬಿಟ್‌ಗೆ ಒಂದು ಬೈಟ್.

ನೋಡ್‌ನದೇ ಇಕ್ಕಟ್ಟೆಂದು ಖಚಿತವಾದ ಮೇಲೆ ದುಬಾರಿ ಪ್ಲಾನಿಗೆ ಹಾರುವುದು, ಕಿಕ್ಕಿರಿದ ರಸ್ತೆಯಲ್ಲಿ ಸಿಕ್ಕಿಕೊಂಡವನು ದೊಡ್ಡ ಲಾರಿ ಕೊಂಡಂತೆ. ನೋಡ್ ಒಡೆದು ಎರಡು ಮಾಡುವುದು ಅಥವಾ ಚಾನೆಲ್ ಹೆಚ್ಚಿಸುವುದು ಆಪರೇಟರನ ಹೊಣೆ. ಟ್ರಾಯ್ ತನ್ನ 2006ರ ಗುಣಮಟ್ಟ ನಿಯಮಾವಳಿಯಲ್ಲಿಯೇ ದಟ್ಟಣೆಯ ವೇಳೆ ಸಂಪರ್ಕಜಾಲದ ಬಳಕೆ ಶೇ. 80 ಮೀರಕೂಡದೆಂದೂ, ಗ್ರಾಹಕನಿಗೆ ಒಪ್ಪಿದ ವೇಗದ ಶೇ. 80ಕ್ಕಿಂತ ಹೆಚ್ಚು ದೊರೆಯಬೇಕೆಂದೂ ನಿಗದಿಪಡಿಸಿತ್ತು. 2024ರಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಾವಳಿ ಬಂದಿದೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರಲ್ಲಿ 256 ಕೆಬಿಪಿಎಸ್ ಇದ್ದದ್ದು 2013ರಲ್ಲಿ 512 ಆಗಿ, 2023ರಲ್ಲಿ 2 ಎಂಬಿಪಿಎಸ್ ತಲುಪಿತು. ಆದರೂ ಜಾಹೀರಾತುಗಳಲ್ಲಿ ‘ವರೆಗೆ’ ಎಂಬ ಪದ ಅಳಿದಿಲ್ಲ. ಪೊಟ್ಟಣದ ಮೇಲೆ ‘ಒಂದು ಕಿಲೋವರೆಗೆ ಸಕ್ಕರೆ’ ಎಂದು ಮುದ್ರಿಸಿದ ಕಿರಾಣಿ ವ್ಯಾಪಾರಿಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಬಿಟ್ಟೀತೆ? ಗ್ರಾಂ ಲೆಕ್ಕದಲ್ಲಿ ಉತ್ತರ ಹೇಳಬೇಕಾದ ವ್ಯಾಪಾರಿಗೆ ಎಂಬಿಪಿಎಸ್ ಮಾರುವವರೂ ಅದೇ ನ್ಯಾಯದಲ್ಲಿ ಉತ್ತರ ಹೇಳಬೇಕು.

ವಾಣಿಜ್ಯ ಸಂಸ್ಥೆಗಳು ಈ ವಿಷಯದಲ್ಲಿ ಇನ್ನಷ್ಟು ಆಸಕ್ತಿ ತೋರಬೇಕು. ರಾತ್ರಿ ಒಂಬತ್ತರ ಕನಿಷ್ಠ ವೇಗವನ್ನೂ ನೋಡ್‌ನಲ್ಲಿರುವ ಸಂಪರ್ಕಗಳ ಸಂಖ್ಯೆಯನ್ನೂ ಬಿಲ್ಲಿನಲ್ಲಿಯೇ ಮುದ್ರಿಸಬೇಕೆಂದು ಒತ್ತಾಯಿಸಬಹುದು. ಅಲ್ಲಿಯವರೆಗೆ ಒಂದೇ ಬೀದಿಯ ಹತ್ತು ಸದಸ್ಯರು ಒಂದೇ ವಾರ ಅಳೆದು ಬರೆದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಸೇರಿಸಿ, ಲಿಖಿತ ದೂರು ನೀಡಿ, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳುವುದು ಲೇಸು. ‘ನಿಮ್ಮ ಮನೆಯ ವೈ-ಫೈ ನೋಡಿಕೊಳ್ಳಿ’ ಎಂಬ ಉತ್ತರಕ್ಕೆ ಆಗ ಎಡೆಯಿರುವುದಿಲ್ಲ.