ಏಳನ್ನು ಎಣಿಸಲಾರದ ತಾಳಯಂತ್ರ

ನಮ್ಮ ನೆರೆಮನೆಯ ತರುಣನೊಬ್ಬನಿಗೆ ತಂಗಿಯ ಹಾಡುಗಳನ್ನು ಮನೆಯಲ್ಲಿಯೇ ಧ್ವನಿಮುದ್ರಿಸುವ ಹವ್ಯಾಸವುಂಟು. ಸಂಬಳದಲ್ಲಿ ತಿಂಗಳು ತಿಂಗಳೂ ಉಳಿಸಿದ ಹಣದಿಂದ ಅವನು ಈಚೆಗೆ ಒಂದು ಚಿಕ್ಕ ತಾಳಯಂತ್ರವನ್ನು, ಎಂದರೆ ಡ್ರಮ್ ಮಷೀನನ್ನು, ಕೊಂಡುತಂದನು. ಅದರಲ್ಲಿ ನೂರಾರು ನಾದಗಳಿವೆಯೆಂದು ಅಂಗಡಿಯವನು ಹೊಗಳಿದ್ದನಂತೆ. ಮೂರನೆಯ ದಿನವೇ ಅದನ್ನು ಕಂಕುಳಲ್ಲಿರಿಸಿಕೊಂಡು ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಇದಕ್ಕೆ ಏಳು ಎಣಿಸುವುದಕ್ಕೇ ಬರುವುದಿಲ್ಲ!” ಎಂದು ಕುಳಿತುಬಿಟ್ಟನು. ತಂಗಿ ಹಾಡುವುದು ಮಿಶ್ರಚಾಪು ತಾಳದ ಕೃತಿ. ಯಂತ್ರವೋ ಹದಿನಾರನ್ನು ಬಿಟ್ಟು ಕದಲದು. ಇಂತಹ ನಿರಾಶೆಯು ನಮ್ಮ ವಾಚಕರಿಗೆ ಒದಗಬಾರದೆಂದು ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಅಗ್ಗದ ಯಂತ್ರವನ್ನು ಹೀನವೆಂದು ಎಣಿಸಬೇಕಾದುದಿಲ್ಲ. 1980ರಲ್ಲಿ ಅಮೆರಿಕದ ರೋಜರ್ ಲಿನ್ ಎಂಬವರು ನಿಜವಾದ ವಾದ್ಯಗಳ ನಾದವನ್ನೇ ತುಂಬಿದ ಎಲ್‌ಎಂ-1 ಎಂಬ ಯಂತ್ರವನ್ನು ಹೊರತಂದಾಗ ಅದರ ಕ್ರಯವು ಐದು ಸಾವಿರ ಡಾಲರುಗಳ ಸಮೀಪದಲ್ಲಿತ್ತು. ಅದೇ ವರ್ಷ ಬಂದ ಜಪಾನಿನ ರೋಲೆಂಡ್ ಕಂಪೆನಿಯ ಟಿಆರ್-808ರ ಕ್ರಯ ಸುಮಾರು 1,200 ಡಾಲರು. ಅದರ ನಾದವು ನಿಜವಾದ ಡ್ರಮ್ಮಿನಂತಿಲ್ಲವೆಂದು ಅನೇಕರು ಮೂಗುಮುರಿದರು; ಸುಮಾರು 12,000 ಯಂತ್ರಗಳಾದಮೇಲೆ 1983ರಲ್ಲಿ ತಯಾರಿಕೆಯೂ ನಿಂತಿತು. ಆದರೆ ಹಳೆಯ ಸಾಮಾನಾಗಿ ಅಗ್ಗಕ್ಕೆ ದೊರೆತ ಅದನ್ನೇ ಕೈಯಲ್ಲಿ ಕಾಸಿಲ್ಲದ ತರುಣರು ಎತ್ತಿಕೊಂಡು ಹೊಸ ಸಂಗೀತಪದ್ಧತಿಗಳನ್ನು ಬೆಳೆಸಿದರು. ನಮ್ಮ ಮುಂಬಯಿಯ ಚರಣಜಿತ್ ಸಿಂಗ್ ಅವರು 1982ರಲ್ಲಿಯೇ ಇದರ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆಯನ್ನು ಹೊರಡಿಸಿದ್ದರು. ಆದಕಾರಣ ಕ್ರಯಕ್ಕಿಂತ ಮೊದಲು ವಿಚಾರಿಸತಕ್ಕದ್ದು ಬೇರೆಯೇ ಉಂಟು.

ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಪಗಡೆಯ ಹಾಸಿನಂತೆ ಹದಿನಾರು ಮನೆಗಳಿರುತ್ತವೆ. ಯಾವ ಮನೆಯಲ್ಲಿ ಯಾವ ಪೆಟ್ಟು ಬೀಳಬೇಕೆಂದು ನಾವು ಗೊತ್ತುಮಾಡುತ್ತೇವೆ. ಆದಿತಾಳದ ಎಂಟು ಅಕ್ಷರಗಳಿಗೆ ನಾಲ್ಕು ನಾಲ್ಕರಂತೆ 32 ಮನೆಗಳು. ಹದಿನಾರರ ಎರಡು ಸುತ್ತುಗಳಲ್ಲಿ ಅದು ಸಲೀಸಾಗಿ ಮುಗಿಯುವುದು. ಮಿಶ್ರಚಾಪಿನ ಏಳಕ್ಕೆ ಎರಡೆರಡರಂತೆ 14 ಮನೆಗಳು, ಖಂಡಚಾಪಿನ ಐದಕ್ಕೆ 10, ಮೂರು ಎಣಿಕೆಯ ರೂಪಕಕ್ಕೆ ನಾಲ್ಕು ನಾಲ್ಕರಂತೆ 12 ಸಾಕು. ಇವೆಲ್ಲವೂ ಹದಿನಾರಕ್ಕೆ ಒಳಗಿನವೇ. ಬೇಡದ ಮನೆಗಳನ್ನು ಬಿಟ್ಟು ಸುತ್ತನ್ನು ಮೊಟಕುಮಾಡುವ ಏರ್ಪಾಡಿದ್ದರೆ ಅತಿ ಚಿಕ್ಕ ಯಂತ್ರವೂ ಇವನ್ನೆಲ್ಲ ನುಡಿಸಬಲ್ಲದು. 2013ರಲ್ಲಿ ಬಂದ ಕೋರ್ಗ್ ಕಂಪೆನಿಯ ವೋಲ್ಕಾ ಬೀಟ್ಸ್ ಎಂಬ ಪುಟ್ಟ ಯಂತ್ರದಲ್ಲಿ ಈ ಏರ್ಪಾಡುಂಟು. ಇದೇ ನಮ್ಮ ಮೊದಲನೆಯ ಪರೀಕ್ಷೆ.

ಎರಡನೆಯದು ಪೆಟ್ಟಿನ ಏರಿಳಿತ. ಎಲ್ಲ ಪೆಟ್ಟುಗಳೂ ಒಂದೇ ಬಲದಿಂದ ಬಿದ್ದರೆ ಅದು ಒನಕೆಯ ಕುಟ್ಟಾಟವಾದೀತು. ಮೂವತ್ತು ವರ್ಷಗಳಿಗೂ ಹೆಚ್ಚುಕಾಲ ಮಾರಾಟವಾದ ಅಲೆಸಿಸ್ ಎಸ್‌ಆರ್-16ರಲ್ಲಿ ಬೆರಳಿನ ಬಲಕ್ಕೆ ತಕ್ಕಂತೆ ನಾದವೂ ಏರುವುದು. ಮೂರನೆಯದು ಧ್ವನಿ ಹೊರಬರುವ ದಾರಿ. ಒಂದೇ ದಾರಿಯಿದ್ದರೆ ಎಲ್ಲ ವಾದ್ಯಗಳೂ ಬೆರೆತೇ ಮುದ್ರಿತವಾಗುವುದರಿಂದ ಆಮೇಲೆ ಒಂದನ್ನು ತಗ್ಗಿಸಿ ಮತ್ತೊಂದನ್ನು ಎತ್ತುವಂತಿಲ್ಲ. ಆಗ ಒಂದೊಂದು ವಾದ್ಯವನ್ನೇ ಬಿಡಿಬಿಡಿಯಾಗಿ ಮುದ್ರಿಸಬೇಕು. ಅವು ಒಂದಕ್ಕೊಂದು ತಪ್ಪದಂತೆ ಯಂತ್ರವನ್ನೂ ಕಂಪ್ಯೂಟರನ್ನೂ ಜೊತೆಗೂಡಿಸಲು, 1983ರಿಂದ ಬಳಕೆಯಲ್ಲಿರುವ ಮಿಡಿ ಎಂಬ ಸಂಪರ್ಕವಿದೆಯೇ ಎಂದು ಕೇಳತಕ್ಕದ್ದು.

ಮನೆಯಲ್ಲಿ ಕಂಪ್ಯೂಟರಿರುವವರು ಹಣವನ್ನೇ ವೆಚ್ಚಮಾಡದೆ ಆರಂಭಿಸಬಹುದು. ಹೈಡ್ರೋಜನ್ ಎಂಬ ತಾಳತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಸುತ್ತಿನ ಉದ್ದವನ್ನು ಬೇಕಾದಂತೆ ಇಡಬಹುದು. ಬರಿಯ ಸಾಧನೆಗೆ ತಬಲೆಯ ಠೇಕಾ ಸಾಕೆನ್ನುವವರಿಗೆ, ಕೊಳಲುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಡೆಲ್ ಸಂಸ್ಥೆಯ ವಿದ್ಯುತ್ ತಬಲೆಯಂತಹ ಸಾಧನವೇ ಹೆಚ್ಚು ಉಪಯುಕ್ತ.

ಇನ್ನು ನಮ್ಮ ತರುಣನ ಯಂತ್ರದ ಪಾಡೇನು? ಅಂಗಡಿಯವನು ಹಿಂದಕ್ಕೆ ಕೊಳ್ಳಲೊಲ್ಲೆನೆಂದನು. ಆದರೆ ಒಂದು ಸುತ್ತಿನ ಬೆನ್ನಿಗೆ ಮತ್ತೊಂದನ್ನು ಪೋಣಿಸುವ ಸೌಕರ್ಯ ಅದರಲ್ಲಿತ್ತು. ಹದಿನಾಲ್ಕು ಹದಿನಾರರ ಲ.ಸಾ.ಅ. ಎಷ್ಟೆಂದು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, “ನೂರ ಹನ್ನೆರಡು” ಎಂದನು. ಅಲ್ಲಿಗೆ ಹದಿನಾರರ ಏಳು ಸುತ್ತುಗಳಲ್ಲಿ ಮಿಶ್ರಚಾಪಿನ ಎಂಟು ಆವರ್ತಗಳು ಒಂದು ಮನೆಯೂ ಮಿಗದಂತೆ ಕೂಡಿದುವು. ಶ್ರಮವೇನೋ ಉಂಟು, ಒಂದು ಪೆಟ್ಟನ್ನು ಬದಲಾಯಿಸಬೇಕಾದರೆ ಎಂಟು ಕಡೆ ತಿದ್ದಬೇಕು. ಮೊದಲೇ ನೋಡಿ ಕೊಂಡಿದ್ದರೆ ಈ ತೊಡಕು ಇರುತ್ತಿರಲಿಲ್ಲ.

ಆ ರಾತ್ರಿ ತಂಗಿ ಹಾಡಿದಳು. ತಾಳ ತಪ್ಪಲಿಲ್ಲ, ಆದರೆ ಅನುಪಲ್ಲವಿಯಲ್ಲಿ ಅವಳು ಒಂದು ಸ್ವರದ ಮೇಲೆ ಕ್ಷಣಕಾಲ ನಿಲ್ಲಬಯಸಿದಾಗ ಯಂತ್ರವು ಕಾಯಲಿಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ‘ತಾಳ’ ಶಬ್ದವನ್ನು ನೆಲೆಗೊಳಿಸುವುದೆಂಬ ಅರ್ಥದ ಧಾತುವಿನಿಂದ ಸಾಧಿಸುತ್ತಾನೆ. ಯಂತ್ರವು ನೆಲೆಯನ್ನು ಕೊಡಬಲ್ಲದು, ಕಿವಿಯನ್ನು ಕೊಡಲಾರದು. ಆದುದರಿಂದ ಕೊಳ್ಳಹೋಗುವಾಗ ಹಾಡುವವರನ್ನೂ ಅಂಗಡಿಗೆ ಕರೆದೊಯ್ಯಿರಿ. ಅವರು ಕೈಯಲ್ಲಿ ಹಾಕುವ ತಾಳವನ್ನು ಯಂತ್ರವು ಅಲ್ಲಿಯೇ ನುಡಿಸಿದರೆ ಹಣ ಕೊಡಿರಿ. ಇಲ್ಲವಾದರೆ ನಮಸ್ಕರಿಸಿ ಹಿಂದಿರುಗಿರಿ.