ಯಾವ ದರ್ಜೆಯ ಥಾರ್?

ಹೊಲದ ಬಂಡಿದಾರಿಗೂ ಹಿಂದೂಪುರದ ಮದುವೆಗೂ ಒಂದೇ ವಾಹನ ಬೇಕೆನ್ನುವ ಕುಂದುರ್ಪಿ ಕಡೆಯ ಗೃಹಸ್ಥರಿಗೆ ಮಹೀಂದ್ರ ಥಾರ್ ರಾಕ್ಸ್ ಆಕರ್ಷಕವಾಗಿ ಕಾಣುವುದು ಸಹಜ. ಈ ಐದು ಬಾಗಿಲಿನ ಗಾಡಿ 2024ರ ಆಗಸ್ಟಿನಲ್ಲಿ ಆರು ದರ್ಜೆಗಳಲ್ಲಿ ಬಂದಿತು. ನಾಲ್ಕೂ ಚಕ್ರಗಳಿಗೆ ಎಳೆತವಿದ್ದುದು ಡೀಸೆಲ್ಲಿನ ಮೂರು ದರ್ಜೆಗಳಲ್ಲಿ ಮಾತ್ರ.

ಅವುಗಳಲ್ಲಿ ಕೈಗೇರಿನ ಎಂ.ಎಕ್ಸ್. 5ಕ್ಕೆ ಅಂದಿನ ಷೋರೂಂ ಬೆಲೆ 18.79 ಲಕ್ಷ ರೂಪಾಯಿ, ಎ.ಎಕ್ಸ್. 7 ಎಲ್.ಗೆ 20.99 ಲಕ್ಷ. ಹೆಚ್ಚಿನ ಹಣಕ್ಕೆ ದೊರೆಯುವುದು ವಿಶಾಲವಾದ ಗಾಜಿನ ಮಾಡು, ಗಾಳಿಯಾಡುವ ಮುಂದಿನ ಆಸನಗಳು, 18ರ ಬದಲು 19 ಅಂಗುಲದ ಚಕ್ರಗಳು. ಸೋಜಿಗವೆಂದರೆ, ಚಕ್ರ ಹಿರಿದಾದಷ್ಟೂ ಟೈರಿನ ಪಕ್ಕೆ ಕಿರಿದಾಗುತ್ತದೆ. ಕಲ್ಲುದಾರಿಯ ಪೆಟ್ಟನ್ನು ನುಂಗಬೇಕಾದದ್ದು ಆ ಪಕ್ಕೆಯೇ! ಆರು ಏರ್‌ಬ್ಯಾಗ್‌ಗಳಾದರೋ ಕೆಳದರ್ಜೆಯಿಂದಲೇ ಉಂಟು.

ಆದುದರಿಂದ ಎಂ.ಎಕ್ಸ್. 5 ಸಾಕೆಂಬುದು ನಮ್ಮ ಅಭಿಪ್ರಾಯ. ಹಳ್ಳದ ಮರಳನ್ನೂ ಮಳೆಗಾಲದ ಕೆಸರನ್ನೂ ದಾಟುವ ಅಗತ್ಯ ವರ್ಷಕ್ಕೆ ನಾಲ್ಕೇ ದಿನವೆಂದಾದರೆ, ಹಿಂಚಕ್ರ ಎಳೆತದ ಅದೇ ದರ್ಜೆ ಆಗ 16.99 ಲಕ್ಷಕ್ಕೇ ದೊರೆಯುತ್ತಿತ್ತು, ಉಳಿದ 1.80 ಲಕ್ಷ ಮಗಳ ಕಾಲೇಜಿಗಾದೀತು. ಬೆಲೆಗಳು ಬದಲಾಗುತ್ತಿರುತ್ತವೆ, ಹೊಸ ಪಟ್ಟಿಯನ್ನೇ ಕೇಳಿ ಪಡೆಯಿರಿ. ಮುಂಗಡ ಕೊಡುವ ಮುನ್ನ ಮನೆಯ ಹಿರಿಯರನ್ನು ಹಿಂದಿನ ಆಸನಕ್ಕೆ ಹತ್ತಿಸಿ, ಇಳಿಸಿ ನೋಡಿರಿ. ಗಾಡಿಯ ಎತ್ತರ ಸಾಮಾನ್ಯವಲ್ಲ.